ತಮ್ಮನಿಗೊಂದು ಲೋಟ ಪಿನ್ಯಾ ಕೊಲಾಡ

ನನ್ನ ತಮ್ಮ ಪ್ರವಾಸಿ ಹಡಗೊಂದರ ಬಾರ್‌ನಲ್ಲಿ ಕೆಲಸ ಮಾಡುತ್ತಾನೆ. ಮಂಗಳೂರು, ಉಡುಪಿಯ ಕಡೆಯಿಂದ ಹಡಗಿಗೆ ಹೋಗುವ ಅನೇಕ ಹುಡುಗರಂತೆ ಅವನದೂ ಎಂಟು ತಿಂಗಳ ದುಡಿಮೆ, ಎರಡು ತಿಂಗಳ ರಜೆ. ಅವನ ಹಡಗು ಕೆರಿಬಿಯನ್ ಸಮುದ್ರದಲ್ಲಿ ಸುತ್ತುತ್ತದೆ. ಪೋರ್ಟೊರಿಕೊ ದ್ವೀಪದ ಸಾನ್ ಹುವಾನ್ ಬಂದರನ್ನು ಬಿಟ್ಟ ದಿನ ಈಜುಕೊಳದ ಪಕ್ಕದ ಬಾರಿನಲ್ಲಿ ಮಧ್ಯಾಹ್ನದಿಂದ ಕತ್ತಲಾಗುವ ತನಕ ಬ್ಲೆಂಡರಿನ ಸದ್ದು ನಿಲ್ಲುವುದಿಲ್ಲವೆಂದೂ, ಬಂದವರೆಲ್ಲ ಕೇಳುವುದು ಅನಾನಸು, ತೆಂಗಿನ ಕೆನೆ, ಕಬ್ಬಿನಿಂದ ತೆಗೆದ ರಮ್ ಎಂಬ ಮದ್ಯ ಸೇರಿಸಿ ಐಸಿನೊಂದಿಗೆ ತಿರುಗಿಸಿದ ಪಿನ್ಯಾ ಕೊಲಾಡವನ್ನೇ ಎಂದೂ ಅವನು ಫೋನಿನಲ್ಲಿ ಹೇಳುತ್ತಿದ್ದ. ಈ ಸಲ ರಜೆಗೆ ಬಂದವನು ಒಂದು ರಾತ್ರಿ ಊಟವಾದ ಮೇಲೆ, ಅಷ್ಟು ವರ್ಷಗಳಿಂದ ಮಾಡಿಕೊಟ್ಟ ಆ ಪಾನೀಯವನ್ನು ತಾನು ಕೂತು ಒಂದು ಲೋಟ ಪೂರ್ತಿ ಕುಡಿದದ್ದೇ ಇಲ್ಲ, ಹದ ನೋಡಲು ಸ್ಟ್ರಾದ ತುದಿಯಲ್ಲಿ ನಾಲ್ಕು ಹನಿ ನಾಲಿಗೆಗೆ ಮುಟ್ಟಿಸಿದ್ದಷ್ಟೇ ಎಂದ. ದೂರುವ ದನಿಯಲ್ಲಿ ಹೇಳಿದ್ದಲ್ಲ. ಆದರೆ ಆ ಮಾತು ನನ್ನ ಮನಸ್ಸಿನಿಂದ ಇಳಿಯಲಿಲ್ಲ. ಅವನು ಮತ್ತೆ ಹಡಗು ಹತ್ತುವ ಮೊದಲು ಅದನ್ನು ನಾನೇ ಮನೆಯಲ್ಲಿ ಮಾಡಬೇಕು, ಅವನನ್ನು ಜಗಲಿಯಲ್ಲಿ ಕೂರಿಸಿ ಕೈಗೆ ಕೊಡಬೇಕು ಎಂದು ನಿಶ್ಚಯಿಸಿದೆ.

ಅವನು ಗೆಳೆಯನ ಮದುವೆಗೆಂದು ನಾಲ್ಕು ದಿನ ಕುಂದಾಪುರಕ್ಕೆ ಹೋದದ್ದು ನನಗೆ ಅನುಕೂಲವಾಯಿತು. ಮೊದಲು ಓದಿಕೊಂಡೆ. ಪಿನ್ಯಾ ಕೊಲಾಡ ಎಂಬ ಸ್ಪ್ಯಾನಿಷ್ ಮಾತಿಗೆ ಸೋಸಿದ ಅನಾನಸು ಎಂದಷ್ಟೇ ಅರ್ಥ. ಆ ಹೆಸರಿನಲ್ಲಿ ತೆಂಗೂ ಇಲ್ಲ, ರಮ್ಮೂ ಇಲ್ಲ. ಈಗಿನ ರೂಪವನ್ನು 1954ರಲ್ಲಿ ಸಾನ್ ಹುವಾನಿನ ಕರೀಬೆ ಹಿಲ್ಟನ್ ಹೋಟೆಲಿನಲ್ಲಿ ಕೆಲಸಕ್ಕಿದ್ದ ರಮೋನ್ ಮರೆರೊ ಎಂಬುವರು ರೂಢಿಗೆ ತಂದರೆಂದು ಆ ಹೋಟೆಲ್ ಹೇಳುತ್ತದೆ. ಅದೇ ಊರಿನ ಹಳೆಯ ಪೇಟೆಯಲ್ಲಿರುವ ಬರಾಚಿನಾ ಎಂಬ ಊಟದ ಮನೆ, ಅದು ಹುಟ್ಟಿದ್ದು 1963ರಲ್ಲಿ ತನ್ನಲ್ಲಿ ಎಂದು ಗೋಡೆಗೆ ಫಲಕವನ್ನೇ ಹಾಕಿಕೊಂಡಿದೆ. ಎರಡೂ ಬಾಗಿಲುಗಳ ಮುಂದೆ ತಮ್ಮ ನಿಂತು ಬಂದಿದ್ದಾನೆ. 1978ರಲ್ಲಿ ಪೋರ್ಟೊರಿಕೊ ಇದನ್ನು ತನ್ನ ಅಧಿಕೃತ ಪಾನೀಯವೆಂದು ಘೋಷಿಸಿತು.

ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸಿದ್ದು ಅದಕ್ಕೆ ಬೀಳುವ ಸಾಮಾನುಗಳ ಪ್ರಯಾಣ. 1493ರಲ್ಲಿ ಕೊಲಂಬಸ್ ಎರಡನೆಯ ಬಾರಿ ಹೊರಟಾಗ ಕ್ಯಾನರಿ ದ್ವೀಪಗಳಿಂದ ಕಬ್ಬಿನ ತುಂಡುಗಳನ್ನು ಹಡಗಿಗೆ ಏರಿಸಿಕೊಂಡಿದ್ದ. ಅದೇ ಯಾತ್ರೆಯಲ್ಲಿ ಗ್ವಾಡೆಲೂಪ್ ದ್ವೀಪದಲ್ಲಿ ಅವನ ಜನ ಅನಾನಸನ್ನು ಕಂಡರು, ಅದೇ ಯಾತ್ರೆಯಲ್ಲಿ ಪೋರ್ಟೊರಿಕೊದ ದಡವನ್ನೂ ಮುಟ್ಟಿದರು. ತೆಂಗು ಆ ದ್ವೀಪಗಳಿಗೆ ತಲುಪಿದ್ದು ಮುಂದಿನ ಶತಮಾನದಲ್ಲಿ, ಪೋರ್ಚುಗೀಸರು ಹಿಂದೂ ಮಹಾಸಾಗರದಿಂದ ಆಫ್ರಿಕದ ಪಶ್ಚಿಮಕ್ಕೆ ಒಯ್ದಿದ್ದ ಕಾಯಿಗಳಿಂದ. ಅತ್ತಲಿಂದ ಇತ್ತ ಬಂದದ್ದು ಅನಾನಸು. ಬ್ರೆಜಿಲಿನ ಟುಪಿ ಜನರ ಮಾತು ಪೋರ್ಚುಗೀಸರ ನಾಲಿಗೆಯ ಮೇಲೆ ಕೂತು ನಮ್ಮ ಕರಾವಳಿಗೆ ಬಂದಿಳಿಯಿತು. ನಾವು ಇಂದಿಗೂ ಅನಾನಸು ಎಂದೇ ಕರೆಯುತ್ತೇವೆ. ಇದನ್ನು ತಿಳಿದ ಮೇಲೆ, ಪರದೇಶದ ಹೋಟೆಲಿನ ಪಾನೀಯವೊಂದನ್ನು ಮನೆಯ ಅಡುಗೆಕೋಣೆಗೆ ಎಳೆದು ತರುತ್ತಿದ್ದೇನೆಂಬ ಸಂಕೋಚ ನನ್ನಿಂದ ದೂರವಾಯಿತು.

ಮೊದಲ ಪ್ರಯತ್ನ ಮಂಗಳವಾರ. ಕರೀಬೆ ಹಿಲ್ಟನ್ನಿನ ಹಳೆಯ ಕ್ರಮದಲ್ಲಿ ತೆಂಗಿನ ಕೆನೆಯ ಜೊತೆಗೆ ಹಸುವಿನ ಹಾಲಿನ ಕೆನೆಯೂ ಇದೆ. ಅದನ್ನೇ ನಂಬಿ, ಮಾರುಕಟ್ಟೆಯಿಂದ ತಂದ ಹಣ್ಣನ್ನು ಹೆಚ್ಚಿ, ಕೆನೆ ಸೇರಿಸಿ ಮಿಕ್ಸಿಯಲ್ಲಿ ತಿರುಗಿಸಿ, ಸಂಜೆಗೆ ಐಸ್ ಹಾಕಿದರಾಯಿತೆಂದು ಫ್ರಿಜ್ಜಿನಲ್ಲಿ ಇಟ್ಟೆ. ಸಂಜೆ ಬಾಯಿಗೆ ಹಾಕಿದರೆ ಕಹಿ. ಹಣ್ಣಿನ ಹುಳಿಯೂ ಅಲ್ಲ, ಸಿಪ್ಪೆಯ ಒಗರೂ ಅಲ್ಲ, ಗಂಟಲಿನ ಹಿಂಭಾಗದಲ್ಲಿ ಅಂಟಿಕೊಂಡು ಕೂರುವ ಕಹಿ. ಅದಕ್ಕೆ ಕಾರಣ ಹಸಿ ಅನಾನಸಿನಲ್ಲಿರುವ ಬ್ರೊಮೆಲಿನ್ ಎಂಬ ಕಿಣ್ವ. ಅದು ಹಾಲಿನ ಪ್ರೋಟೀನನ್ನು ಒಡೆಯುತ್ತದೆ, ಒಡೆದ ಚೂರುಗಳು ನಾಲಿಗೆಗೆ ಕಹಿಯಾಗುತ್ತವೆ. ಹೊತ್ತು ಹೋದಂತೆ ಕಹಿ ಏರುತ್ತದೆ. ಡಬ್ಬಿಯ ರಸವನ್ನು ಬಿಸಿಮಾಡಿಯೇ ತುಂಬುವುದರಿಂದ, ಬಿಸಿಗೆ ಆ ಕಿಣ್ವ ಸತ್ತುಹೋಗಿ, ಕೆನೆ ಸೇರಿಸಿದರೂ ತೊಂದರೆಯಾಗುವುದಿಲ್ಲ. ನಮ್ಮ ಮೆಣಸ್ಕಾಯಿಯಲ್ಲಿ, ಗೊಜ್ಜಿನಲ್ಲಿ ಹಣ್ಣನ್ನು ಮೊದಲು ಬೇಯಿಸಿಕೊಳ್ಳುತ್ತೇವಲ್ಲ, ಹಾಗಾಗಿ ಈ ಕಹಿ ನಮ್ಮ ಮನೆಯಲ್ಲಿ ಯಾರಿಗೂ ಪರಿಚಯವಿರಲಿಲ್ಲ. ಹಸಿ ಹಣ್ಣಿನ ಘಮವನ್ನು ಬಿಟ್ಟುಕೊಡಲು ನನಗೆ ಮನಸ್ಸಿರಲಿಲ್ಲವಾದ್ದರಿಂದ ಹಸುವಿನ ಕೆನೆಯನ್ನೇ ಬಿಟ್ಟೆ. ತೆಂಗು ಇರುವಾಗ ಅದರ ಅಗತ್ಯವೂ ಇಲ್ಲವೆಂದು ಈಗ ನನ್ನ ಖಚಿತ ಅಭಿಪ್ರಾಯ.

ಆದರೆ ತೆಂಗಿನ ಕೆಲಸ ಅಷ್ಟು ಸುಲಭವಾಗಿ ಮುಗಿಯಲಿಲ್ಲ. ಆ ದ್ವೀಪದಲ್ಲಿ ಈ ಪಾನೀಯ ಬೆಳೆದದ್ದೇ ಕೊಕೊ ಲೋಪೆಸ್ ಎಂಬ ಡಬ್ಬಿಯ ಸಿಹಿ ತೆಂಗಿನ ಕೆನೆಯ ಬಲದಿಂದ. ಪೋರ್ಟೊರಿಕೊ ವಿಶ್ವವಿದ್ಯಾಲಯದಲ್ಲಿ ಕೃಷಿ ಪ್ರಾಧ್ಯಾಪಕರಾಗಿದ್ದ ರಮೋನ್ ಲೋಪೆಸ್ ಇರಿಸಾರಿ ಅವರು, ಕಾಯಿಯನ್ನು ತುರಿದು ಹಿಂಡುವ ಕಷ್ಟ ತಪ್ಪಲೆಂದು ಅದನ್ನು ರೂಪಿಸಿದರು. ನಮಗೆ ತುರಿದು ಹಿಂಡುವುದು ಕಷ್ಟವೇ ಅಲ್ಲ. ಗುರುವಾರ ಎರಡು ಬಲಿತ ಕಾಯಿಗಳನ್ನು ಹೆರೆಮಣೆಯಲ್ಲಿ ಕರಟದ ಕಂದು ಪದರ ಸೇರದಂತೆ ಹೆರೆದು, ಒಂದೇ ಲೋಟ ಉಗುರುಬೆಚ್ಚನೆಯ ನೀರಿನಲ್ಲಿ ರುಬ್ಬಿ, ತೆಳು ಬಟ್ಟೆಯಲ್ಲಿ ಕಟ್ಟಿ ಹಿಂಡಿ ಮೊದಲ ಹಾಲನ್ನು ತೆಗೆದೆ. ಎರಡನೆಯ ಹಾಲನ್ನು ಅಮ್ಮ ಅಂದಿನ ಪಾಯಸಕ್ಕೆ ತೆಗೆದುಕೊಂಡರು. ಆ ದಪ್ಪ ಹಾಲನ್ನು ಫ್ರಿಜ್ಜಿನಲ್ಲಿಟ್ಟು, ತಣ್ಣಗಿದ್ದುದನ್ನೇ ಐಸಿನೊಂದಿಗೆ ತಿರುಗಿಸಿದಾಗ ಲೋಟದ ಅಂಚಿನಲ್ಲೆಲ್ಲ ಮೇಣದಂಥ ಬಿಳಿಯ ಕಾಳುಗಳು ಅಂಟಿಕೊಂಡವು. ಕುಡಿದರೆ ಅಂಗುಳಿಗೆ ಜಿಡ್ಡು. ಡಿಸೆಂಬರಿನಲ್ಲಿ ಘಟ್ಟದ ಮೇಲಿನ ನೆಂಟರ ಮನೆಯಲ್ಲಿ ಸ್ನಾನಕ್ಕೆ ಹೋದವರು ಕೊಬ್ಬರಿ ಎಣ್ಣೆಯ ಬಾಟಲಿಯನ್ನು ಬಿಸಿನೀರಿನಲ್ಲಿ ಅದ್ದಿಡುವುದು ನೆನಪಾಯಿತು. ತೆಂಗಿನ ಜಿಡ್ಡು ಸುಮಾರು 24 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಗಟ್ಟಿಯಾಗುತ್ತದೆ. ಹಾಲಿನಲ್ಲಿ ಸಣ್ಣ ಸಣ್ಣ ಹನಿಗಳಾಗಿ ಹರಡಿಕೊಂಡಿದ್ದ ಜಿಡ್ಡು ಒಂದಕ್ಕೊಂದು ಕೂಡಿಕೊಂಡು ದಪ್ಪವಾದ ಮೇಲೆ ಹೆಪ್ಪುಗಟ್ಟಿದರೆ ಕಾಳಾಗುವುದು ಸಹಜ.

ಶುಕ್ರವಾರ ಮತ್ತೆ ಮಾಡಿದೆ. ಒಂದು ಲೋಟ ಮೊದಲ ಹಾಲಿಗೆ ಮುಕ್ಕಾಲು ಲೋಟ ಸಕ್ಕರೆ, ಒಂದು ಚಿಟಿಕೆ ಉಪ್ಪು ಹಾಕಿ, ಸಣ್ಣ ಉರಿಯಲ್ಲಿ ಸಕ್ಕರೆ ಕರಗುವ ತನಕ ಮಾತ್ರ ಕೈಯಾಡಿಸಿದೆ. ಕುದಿ ಬರಬಾರದು, ಕುದಿದರೆ ಹಾಲು ಒಡೆದು ಎಣ್ಣೆ ಬಿಟ್ಟುಕೊಳ್ಳುತ್ತದೆ ಎಂಬುದು ಕಾಯಿಹಾಲಿನ ಅಡುಗೆ ಮಾಡುವ ಎಲ್ಲರಿಗೂ ಗೊತ್ತು. ಬೆಚ್ಚಗಿರುವಾಗಲೇ ಮಿಕ್ಸಿಯಲ್ಲಿ ಎರಡು ನಿಮಿಷ ತಿರುಗಿಸಿದ್ದರಿಂದ ಜಿಡ್ಡು ಬಹಳ ಸಣ್ಣ ಹನಿಗಳಾಗಿ ಒಡೆಯಿತು, ಸಕ್ಕರೆಯಿಂದ ದಪ್ಪಗಾದ ನೀರಿನ ಅಂಶ ಆ ಹನಿಗಳು ಮತ್ತೆ ಕೂಡದಂತೆ ಹಿಡಿದುಕೊಂಡಿತು. ತಣಿದ ಮೇಲೆ ಚಮಚದಿಂದ ಎತ್ತಿದರೆ ಮಂದವಾಗಿ, ಎಳೆಯಾಗಿ ಇಳಿಯುವ ಬಿಳಿಯ ಕೆನೆ ಸಿಕ್ಕಿತು. ಬೆಚ್ಚಗಿರುವಾಗ ನೆಕ್ಕಿ ನೋಡಿದವರಿಗೆ ಅದು ಅತಿ ಸಿಹಿ ಎನಿಸುತ್ತದೆ. ಹಾಗೆಂದು ಸಕ್ಕರೆ ಕಡಿಮೆ ಮಾಡಬಾರದು. ಹೆಪ್ಪುಗಟ್ಟುವಷ್ಟು ತಣ್ಣಗಿರುವಾಗ ನಾಲಿಗೆಗೆ ಸಿಹಿ ಮಂದವಾಗಿಯೇ ತಿಳಿಯುವುದು. ಅಲ್ಲದೆ ಸಕ್ಕರೆ ನೀರನ್ನು ಕಲ್ಲಿನಂತೆ ಗಟ್ಟಿಯಾಗಲು ಬಿಡದೆ ಮೆದುವಾಗಿ ಇಡುತ್ತದೆ.

ಹಣ್ಣಿನ ವಿಚಾರದಲ್ಲಿ ನಾನು ಬಹಳ ಹಠಮಾರಿ. ನಮ್ಮ ಪೇಟೆಗೆ ಬನವಾಸಿ ಕಡೆಯ ದೊಡ್ಡ ಗಾತ್ರದ ಕ್ಯೂ ತಳಿಯೂ, ಕೇರಳದ ವಾಳಕ್ಕುಳಂನ ಚಿಕ್ಕ ಮಾರಿಷಸ್ ತಳಿಯೂ ಬರುತ್ತವೆ. ಮೊದಲನೆಯದರಲ್ಲಿ ರಸ ಹೆಚ್ಚು, ಎರಡನೆಯದರಲ್ಲಿ ಘಮ ಹೆಚ್ಚು. ಎರಡನ್ನೂ ಒಂದೊಂದು ತಂದು, ಕಣ್ಣು ತೆಗೆದು, ನಡುವಿನ ದಿಂಡು ಬಿಟ್ಟು, ಹೋಳುಗಳನ್ನು ತಟ್ಟೆಯಲ್ಲಿ ಒಂದಕ್ಕೊಂದು ತಾಗದಂತೆ ಹರಡಿ ಶನಿವಾರ ರಾತ್ರಿ ಫ್ರೀಜರಿನಲ್ಲಿ ಇಟ್ಟೆ. ಈ ಪಾನೀಯವನ್ನು ಮನೆಯಲ್ಲಿ ಮಾಡಹೊರಟವರಿಗೆ ನಾನು ಹೇಳಬೇಕೆಂದಿರುವುದು ಇದನ್ನೇ: ಹಣ್ಣೇ ಹೆಪ್ಪುಗಟ್ಟಿದ್ದರೆ ಐಸಿನ ಅಗತ್ಯ ಅರ್ಧಕ್ಕಿಳಿಯುತ್ತದೆ, ಐಸ್ ಕರಗಿದರೆ ನೀರು, ಹಣ್ಣು ಕರಗಿದರೆ ಹಣ್ಣಿನ ರಸ. ಅನೇಕ ಕಡೆ ಕೊಡುವ ನೀರುನೀರಾದ ಕೊಲಾಡದ ದೋಷವೆಲ್ಲ ಅತಿಯಾದ ಐಸಿನಿಂದ ಬಂದದ್ದು.

ರಮ್ಮಿನ ಬಗ್ಗೆ ತಮ್ಮನಿಂದ ಹಿಂದೆಯೇ ಕೇಳಿ ತಿಳಿದಿದ್ದೆ. ಹಡಗಿನಲ್ಲಿ ಬಳಸುವುದು ಬಿಳಿಯ ರಮ್. ಅಂತರರಾಷ್ಟ್ರೀಯ ಬಾರ್‌ಟೆಂಡರ್‌ಗಳ ಸಂಘದ ಕ್ರಮದಲ್ಲಿಯೂ ಒಂದು ಲೋಟಕ್ಕೆ 50 ಮಿಲಿಲೀಟರ್ ಬಿಳಿಯ ರಮ್, 30 ಮಿಲಿಲೀಟರ್ ತೆಂಗಿನ ಕೆನೆ, 50 ಮಿಲಿಲೀಟರ್ ಹಸಿ ಅನಾನಸಿನ ರಸ ಎಂದಿದೆ. ಬಿಳಿಯದು ಹಣ್ಣಿನ ಬಣ್ಣವನ್ನೂ ಘಮವನ್ನೂ ಕೆಡಿಸುವುದಿಲ್ಲ. ಆದರೆ ಕಬ್ಬಿನ ಕಾಕಂಬಿಯ ಸುವಾಸನೆ ಬೇಕೆಂದರೆ ಕಪ್ಪು ರಮ್ಮೇ ಬೇಕು. ನಮ್ಮ ಓಲ್ಡ್ ಮಾಂಕ್ ಹೊರಬಂದದ್ದೂ ಅದೇ 1954ರಲ್ಲಿ ಎಂಬುದು ನನಗೆ ಶುಭಸೂಚನೆಯಂತೆ ಕಂಡಿತು. ಬಿಳಿಯದನ್ನು ಒಳಗೆ, ಕಪ್ಪನ್ನು ಒಂದೇ ಚಮಚ ಮೇಲೆ ಎಂದು ನಿರ್ಧರಿಸಿದೆ. ಧಾರಾಳವಾಗಿ ಸುರಿಯುವ ಆಸೆಯನ್ನು ಮಾತ್ರ ತಡೆದುಕೊಳ್ಳಬೇಕು. ಶೇ. 42.8ರಷ್ಟು ಮದ್ಯಸಾರವಿರುವ ರಮ್ ಮನೆಯ ಫ್ರೀಜರಿನಲ್ಲಿ ಹೆಪ್ಪುಗಟ್ಟುವುದೇ ಇಲ್ಲ; ಅಳತೆ ಮೀರಿದರೆ ಅದು ತನ್ನ ಜೊತೆಗಿದ್ದ ಐಸನ್ನೂ ಕರಗಿಸಿ ಲೋಟವನ್ನು ಷರಬತ್ತು ಮಾಡಿಬಿಡುತ್ತದೆ.

ಭಾನುವಾರ ಮಧ್ಯಾಹ್ನ ಮಳೆಯ ಮೋಡ ಕವಿದು ಗಾಳಿ ನಿಂತಿತ್ತು. ಮೇ ಕೊನೆಯ ಮಂಗಳೂರಿನ ಆ ಸೆಕೆಯಲ್ಲಿ ಸುಮ್ಮನೆ ಕೂತವರೂ ಬೆವರುತ್ತಾರೆ. ಹಿಂದಿನ ರಾತ್ರಿ ಬಂದಿದ್ದ ತಮ್ಮನನ್ನು ಜಗಲಿಯ ಆರಾಮಕುರ್ಚಿಯಲ್ಲಿ ಕೂರಿಸಿ, ಕರೆಯುವ ತನಕ ಒಳಗೆ ಬರಕೂಡದೆಂದು ಹೇಳಿದೆ. ಮಿಕ್ಸಿಯ ದೊಡ್ಡ ಜಾರಿಗೆ ಮೊದಲು ತೆಂಗಿನ ಕೆನೆ ನಾಲ್ಕು ಲೋಟಕ್ಕೆಂದು 120 ಮಿಲಿಲೀಟರ್, ಅರ್ಧ ನಿಂಬೆಯ ರಸ, ಹೆಪ್ಪುಗಟ್ಟಿದ ಹಣ್ಣು ಸುಮಾರು 400 ಗ್ರಾಂ. ಇಷ್ಟನ್ನು ತಿರುಗಿಸಿ, ಅಮ್ಮನಿಗೂ ಮಗಳಿಗೂ ಬೇಕಾದಷ್ಟನ್ನು ರಮ್ ಸೇರುವ ಮೊದಲೇ ಬೇರೆ ತೆಗೆದಿಟ್ಟೆ. ಉಳಿದ ಎರಡು ಲೋಟದ ಪಾಲಿಗೆ 90 ಮಿಲಿಲೀಟರ್ ರಮ್ ಹಾಕಿದೆ. ಐಸನ್ನು ಗಟ್ಟಿಯಾಗಿಯೇ ಹಾಕಿದರೆ ಚಟ್ನಿಗೆಂದು ಮಾಡಿದ ನಮ್ಮ ಮಿಕ್ಸಿಯ ಬ್ಲೇಡು ಒದ್ದಾಡುತ್ತದೆ, ಹೆಚ್ಚು ಹೊತ್ತು ಓಡಿದಷ್ಟೂ ಜಾರು ಬಿಸಿಯಾಗಿ ಗಳಿಸಿದ ತಂಪನ್ನು ಕಳೆಯುತ್ತದೆ. ಆದ್ದರಿಂದ ದಪ್ಪ ಬಟ್ಟೆಯಲ್ಲಿ ಸುತ್ತಿ ಗುಂಡುಕಲ್ಲಿನಿಂದ ಜಜ್ಜಿದ ಐಸನ್ನು ಕೊನೆಗೆ ಮೇಲಿನಿಂದ ಸುರಿದು, ತಡೆತಡೆದು ನಾಲ್ಕೈದು ಬಾರಿ ತಿರುಗಿಸಿದೆ.

ಫ್ರೀಜರಿನಲ್ಲಿಟ್ಟಿದ್ದ ಲೋಟಕ್ಕೆ ಸುರಿದಾಗ ಅದು ಹರಿಯಲಿಲ್ಲ, ಮಡಿಕೆ ಮಡಿಕೆಯಾಗಿ ಇಳಿಯಿತು. ಮೇಲೆ ಒಂದು ಚಮಚ ಕಪ್ಪು ರಮ್, ಅಂಚಿಗೆ ಹಣ್ಣಿನ ಎಲೆಯೊಂದು. ಹೊರಗೆ ಒಯ್ದು ಅವನ ಕೈಗೆ ಕೊಟ್ಟೆ. ಅವನು ಅದನ್ನು ಕೂಡಲೇ ಕುಡಿಯದೆ ಲೋಟವನ್ನು ಬೆಳಕಿಗೆ ಹಿಡಿದು, ಮೇಲೂ ಕೆಳಗೂ ಪದರ ಒಡೆದಿದೆಯೇ ಎಂದು ನೋಡಿದ. ಒಡೆದಿರಲಿಲ್ಲ. ಒಂದು ಗುಟುಕು ತೆಗೆದುಕೊಂಡು ಬಹಳ ಹೊತ್ತು ಸುಮ್ಮನಿದ್ದವನು, ಕಾಯಿ ಯಾವಾಗ ಹೆರೆದೆ ಎಂದು ಕೇಳಿದ. ಡಬ್ಬಿಯ ಕೆನೆಗೆ ಈ ವಾಸನೆ ಬರುವುದಿಲ್ಲ ಎಂದ. ನಿಂಬೆ ಇನ್ನೂ ನಾಲ್ಕು ಹನಿ ಇದ್ದರೆ ಸಿಹಿ ಹಿಡಿತಕ್ಕೆ ಬರುತ್ತಿತ್ತು ಎಂದೂ ಹೇಳಿದ; ನನ್ನ ಲೋಟಕ್ಕೆ ಹಿಂಡಿ ನೋಡಿದೆ, ಅವನ ಮಾತು ಸರಿಯಾಗಿತ್ತು. ಆಮೇಲೆ ಕಾಲು ಚಾಚಿ, ಲೋಟದ ತಳ ಕಾಣುವ ತನಕ ಅವಸರವಿಲ್ಲದೆ ಕುಡಿದ.

ಇನ್ನೊಂದು ಲೋಟ ಬೇಕೆಂದು ಅವನು ತಾನೇ ಎದ್ದು ಒಳಗೆ ಹೊರಟಾಗ ತೋಳು ಹಿಡಿದು ಕೂರಿಸಿದೆ. ಈ ಬಾರಿ ನಿಂಬೆಯನ್ನು ಅವನು ಹೇಳಿದಷ್ಟೇ ಹಿಂಡಿ ಮಿಕ್ಸಿ ತಿರುಗಿಸಿದೆ. ಮೊದಲು ಐಸ್ ಜಾರಿನ ಗೋಡೆಗೆ ಬಡಿಯುವ ಖಣಖಣ, ಆಮೇಲೆ ಕರಕರ, ಅದೂ ಕ್ರಮೇಣ ಇಳಿದು ಒಂದೇ ಸಮನೆಯ ಗುಂಯ್ ಎಂಬ ನಾದ. ನಾನು ಮುಚ್ಚಳ ತೆಗೆದು ನೋಡಬೇಕೆಂದು ಕೈ ಎತ್ತುವಷ್ಟರಲ್ಲಿ ಜಗಲಿಯಿಂದಲೇ ಅವನ ದನಿ ಕೇಳಿಸಿತು: "ಸಾಕು, ಈಗ ನಿಲ್ಲಿಸು."