ನ್ಯೂಟ್ರಲ್ ಯಾಕೆ ಬಿಸಿಯಾಗುತ್ತೆ?

ಮೂರು ಫೇಸ್‌ಗಳಲ್ಲೂ ಲೋಡ್ ಸಮವಾಗಿದ್ದರೆ ನ್ಯೂಟ್ರಲ್‌ನಲ್ಲಿ, ಅಂದರೆ ಮೂರಕ್ಕೂ ಸೇರಿದ ವಾಪಸ್ ವೈರಿನಲ್ಲಿ, ಕರೆಂಟ್ ಇರಲ್ಲ ಅನ್ನೋದು ಪಾಠ. ಕಂಪ್ಯೂಟರ್, ಎಲ್‌ಇಡಿ ತುಂಬಿದ ಆಫೀಸಿನಲ್ಲಿ ಈ ಲೆಕ್ಕ ಕೈಕೊಡುತ್ತೆ. ಅವುಗಳ ರೆಕ್ಟಿಫೈಯರ್ (ಎಸಿಯನ್ನು ಡಿಸಿ ಮಾಡೋ ಭಾಗ) ವೋಲ್ಟೇಜ್ ಅಲೆಯ ತುದಿಯಲ್ಲಷ್ಟೇ ಕರೆಂಟ್ ಎಳೆಯೋದರಿಂದ 50 ಹರ್ಟ್ಸ್ ಜತೆಗೆ 150 ಹರ್ಟ್ಸ್‌ನ ಮೂರನೇ ಹಾರ್ಮಾನಿಕ್ಕೂ (ಮೂರು ಪಟ್ಟು ವೇಗದ ಅಲೆ) ಹರಿಯುತ್ತೆ. ಇದು ಮೂರೂ ಫೇಸ್‌ಗಳಲ್ಲಿ ಒಂದೇ ತಾಳಕ್ಕೆ ಏರಿಳಿಯುತ್ತೆ. ಹಾಗಾಗಿ ವಜಾ ಆಗೋ ಬದಲು ಕೂಡಿಕೊಳ್ಳುತ್ತೆ: ಮೂರನೇ ಹಾರ್ಮಾನಿಕ್ ಫೇಸಿಗೆ 12 ಆಂಪಿಯರ್ ಇದ್ದರೆ ನ್ಯೂಟ್ರಲ್‌ಗೆ 36.

ಹಳೇ ಕಟ್ಟಡಗಳಲ್ಲಿ ಕಾಸು ಉಳಿಸೋಕೆ ಅರ್ಧ ಗಾತ್ರದ ನ್ಯೂಟ್ರಲ್ ಎಳೆದಿರೋದುಂಟು. ಅದೇ ನಿಜವಾದ ತಲೆನೋವು. ಎಂಸಿಬಿ (ಕರೆಂಟ್ ಮಿತಿ ಮೀರಿದರೆ ಕಡಿಯೋ ಸ್ವಿಚ್) ಫೇಸನ್ನಷ್ಟೇ ಕಾಯುತ್ತಿದ್ದರೆ ಅದು ಟ್ರಿಪ್ಪೇ ಆಗಲ್ಲ. ಇತ್ತ ನ್ಯೂಟ್ರಲ್ ಲಿಂಕಿನ ಸ್ಕ್ರೂ ಬಳಿ ವೈರಿನ ಇನ್ಸುಲೇಷನ್ ಕಂದುತ್ತಾ, ಗಡುಸಾಗುತ್ತಾ ಹೋಗುತ್ತೆ.

ಅಲೆಯ ಆಕಾರ ಕೆಟ್ಟಿದ್ದರೂ ಸರಿಯಾಗಿ ಅಳೆಯೋ ಟ್ರೂ ಆರ್‌ಎಂಎಸ್ ಕ್ಲ್ಯಾಂಪ್ ಮೀಟರಿನಲ್ಲೇ ಅಳೆಯಿರಿ. ಇಂಥ ಫೇಸ್ ಕರೆಂಟನ್ನು ಅಗ್ಗದ ಮೀಟರ್ ಕಡಿಮೆ ತೋರಿಸುತ್ತೆ. ಹೊಸ ವೈರಿಂಗಾದರೆ ನ್ಯೂಟ್ರಲ್ಲನ್ನು ಫೇಸಿನ ದುಪ್ಪಟ್ಟು ಗಾತ್ರಕ್ಕೆ ಹಾಕಿಸಿ.