ಯಾರ ಮದುವೆಯ ಬ್ಲೌಸೋ

ಪಕ್ಕದ ಬೀದಿಯ ಟೈಲರ್ ಅಕ್ಕನ ಹತ್ತಿರ ಚೂರು ಬಟ್ಟೆ ಕೇಳಿದೆ. "ಒರೆಸೋಕಾ?" ಅಂದರು. ಕ್ರಿಸ್‌ಮಸ್ ಮರಕ್ಕೆ ಅಂದೆ. ನಕ್ಕು ಒಂದು ಚೀಲ ತುಂಬಿಸಿ ಕೊಟ್ಟರು.

ಸಂಜೆಯಿಂದ ನಕ್ಷತ್ರ ಹೊಲೀತಾ ಕೂತಿದ್ದೇನೆ. ಎರಡು ತುಂಡನ್ನು ಒಳಮುಖ ಮಾಡಿ ಹೊಲಿದು, ಒಂದು ಬದಿ ಎರಡು ಬೆರಳಗಲ ಬಿಟ್ಟು, ಅಲ್ಲಿಂದ ತಿರುಗಿಸಬೇಕು. ಹೇಳೋಕೆ ಸುಲಭ. ಮೊದಲನೆಯದರ ಮೂಲೆಗಳು ಹೊರಗೇ ಬರಲಿಲ್ಲ. ಎರಡನೆಯದಕ್ಕೆ ಮೂಲೆಯ ಹೆಚ್ಚುವರಿ ಬಟ್ಟೆ ಕತ್ತರಿಸಿದೆ, ಜೊತೆಗೆ ಹೊಲಿಗೆಯೂ ಹೋಯ್ತು! ರೇಷ್ಮೆಯಂತೂ ಮುಟ್ಟಿದರೆ ಎಳೆ ಬಿಡುತ್ತದೆ. ಹತ್ತಿ ಬಟ್ಟೆಯೇ ವಾಸಿ. ಒಳಗೆ ತುಂಬೋಕೆ ಹತ್ತಿ ತರಲಿಲ್ಲ, ತೀರಾ ಸಣ್ಣ ಚೂರುಗಳನ್ನೇ ತುರುಕಿದೆ. ಸ್ವಲ್ಪ ಭಾರ, ಆದರೆ ಆಕಾರ ನಿಲ್ಲುತ್ತದೆ.

ಅಡುಗೆಮನೆಯಲ್ಲಿ ಅಮ್ಮ ಕ್ರಿಸ್‌ಮಸ್ ತಿಂಡಿಗಳ ಕುಸ್ವಾರ್‌ಗೆ ಕಿಡಿಯೊ ಅನ್ನೋ ಕರಿದ ತಿಂಡಿ ಮಾಡುತ್ತಿದ್ದಾರೆ. ಹಿಟ್ಟಿನ ಗೋಲಿಯನ್ನು ಫೋರ್ಕಿನ ಮೇಲೆ ಒತ್ತಿ ಸುರುಳಿ ಸುತ್ತುವ ಆ ಬೆರಳುಗಳ ವೇಗ ನನ್ನ ಸೂಜಿಗೆ ಎಲ್ಲಿಂದ ಬರಬೇಕು?

ಚೀಲದಲ್ಲಿ ಜರಿ ಅಂಚಿನ ಮರೂನ್ ತುಂಡೊಂದು ಸಿಕ್ಕಿತು. ಯಾರ ಮದುವೆಯ ಬ್ಲೌಸೋ. ಅದನ್ನು ಸೀರೆಯ ಜೊತೆ ತೊಟ್ಟು ಅವರು ಎಷ್ಟು ಫೋಟೋಗಳಲ್ಲಿ ಇದ್ದಾರೋ. ಅದರ ತೋಳಿನಿಂದ ಉಳಿದ ಚೂರು ಈಗ ನಮ್ಮ ಮನೆ ಗೋದಲಿಯ (ಯೇಸು ಹುಟ್ಟಿದ ಕೊಟ್ಟಿಗೆಯ ಪುಟ್ಟ ಮಾದರಿ) ಮೇಲೆ ತೂಗುತ್ತದೆ. ಅವರಿಗೆ ಗೊತ್ತೇ ಆಗಲ್ಲ, ಸುಮ್ನೆ ಒಂಥರಾ ಖುಷಿ.

ಒಟ್ಟು ಏಳು ಆಗಿವೆ. ಬಾಯಿ ಬಿಟ್ಟಿರುವ ಆ ಎರಡನೆಯದನ್ನು ಗೋಡೆ ಕಡೆ ಮುಖ ಮಾಡಿ ನೇತು ಹಾಕ್ತೀನಿ.