ನಂದಿದುರ್ಗದ್ದು ಅಂತ ತಂದ ಗುಂಡು

ನಮ್ಮಜ್ಜಿ ಮನೇಲಿ ಹಿತ್ಲ ಬಾಗಿಲು ಗಾಳಿಗೆ ಬಡ್ಕೋಬಾರ್ದು ಅಂತ ಒಂದು ಕಬ್ಬಿಣದ ಗುಂಡು ಒತ್ತಿಟ್ಟಿರೋರು. ಕಪ್ಪಗೆ, ದೊಡ್ಡ ಮೂಸಂಬಿ ಗಾತ್ರ, ನೋಡೋಕೆ ಚಿಕ್ಕದು ಆದ್ರೆ ಎತ್ತೋಕೆ ಹೋದ್ರೆ ಕೈನ ಕೆಳಕ್ಕೆ ಎಳ್ಕೊಂಡು ಹೋಗೋದು. ಬೂದಿಕೋಟೆ ಹತ್ರ ಊರು ನಮ್ಮಜ್ಜೀದು, ಬೇಸಿಗೆ ರಜೆಗೆ ಹೋದ್ರೆ ನಾವು ಮಕ್ಕಳೆಲ್ಲ ಅದನ್ನ ಜಗಲಿ ಮೇಲೆ ಉರುಳಿಸ್ಕೊಂಡು ಆಡ್ತಿದ್ವಿ, ಹುಣಸೆಹಣ್ಣಿನ ಕಾಲ ಬಂದ್ರೆ ಅಜ್ಜಿ ಅದೇ ಗುಂಡಲ್ಲಿ ಹಣ್ಣು ಬಡಿದು ಬೀಜ ಬಿಡಿಸೋರು. ತೋಪಿನ ಗುಂಡು ಕಣೋ, ಕಾಲ್ ಮೇಲೆ ಹಾಕ್ಕೋಬೇಡ ಅನ್ನೋರು. ಕೋಲಾರದ ಕಡೆ ಮಕ್ಕಳಿಗೆ ತೋಪು ಅಂದ್ರೆ ಮಾವಿನ ತೋಪು, ಹಾಗಾಗಿ ಯಾವ್ದೋ ಮಾವಿನ ತೋಪಲ್ಲಿ ಸಿಕ್ಕಿರೋ ಗುಂಡು ಅಂತಾನೇ ನಾನು ಬಹಳ ವರ್ಷ ಅಂದ್ಕೊಂಡಿದ್ದೆ. ಹೈಸ್ಕೂಲಲ್ಲಿ ಮೇಷ್ಟ್ರು ಹೈದರಾಲಿ ಪಾಠ ಮಾಡ್ತಾ, ಅವನು ಹುಟ್ಟಿದ್ದು ನಮ್ಮ ಬೂದಿಕೋಟೇಲೇ ಕಣ್ರೋ, ತೋಪು ಅಂದ್ರೆ ಫಿರಂಗಿ ಅಂತ ಹೇಳಿದ ದಿನ ನನಗೆ ಹಿತ್ಲ ಬಾಗಿಲು ನೆನಪಾಗಿ ಮೈ ಜುಂ ಅಂತು.

ಈಗ ನಮ್ಮ ಮನೇಲಿ ಇಂಥ ಸಾಮಾನು ಹದಿನೇಳಿವೆ. ಎಲ್ಲಾ ಗುಂಡೇ ಅಲ್ಲ, ಗುಂಡಿಗೆ ಸಂಬಂಧಪಟ್ಟಿದ್ದೂ ಇದೆ, ಅದನ್ನ ಆಮೇಲೆ ಹೇಳ್ತೀನಿ. ಮೊದ್ಲು ಹೇಳ್ಬೇಕಾಗಿರೋದು ಒಂದು ಮೋಸದ ಗುಂಡಿನ ಬಗ್ಗೆ, ಅಥ್ವಾ ನಾನು ಮೋಸ ಅಂದ್ಕೊಂಡ ಗುಂಡಿನ ಬಗ್ಗೆ.

ಕೆಲವು ವರ್ಷದ ಹಿಂದೆ ಕೆಜಿಎಫ್ ಕಡೆಯ ಒಂದು ಗುಜರಿ ಅಂಗಡೀಲಿ ಹಳೇ ಪೈಪು ರಾಡು ಮಧ್ಯೆ ಒಂದು ಗುಂಡು ಕಣ್ಣಿಗೆ ಬಿತ್ತು. ಅಂಗಡಿ ಅಣ್ಣನ್ನ ಕೇಳಿದೆ, ಎಲ್ಲಿಂದ ಬಂತಣ್ಣ ಇದು ಅಂತ. ಅದು ನಂದಿದುರ್ಗದ್ದು ಸಾರ್ ಅಂದ್ರು. ನಂದಿದುರ್ಗ ಅಂತ ಕಿವಿಗೆ ಬಿದ್ದಿದ್ದೇ ತಡ, ನಾನು ಇನ್ನೇನೂ ಕೇಳ್ಳಿಲ್ಲ. ಯಾಕಂದ್ರೆ 1791ರಲ್ಲಿ ಇಂಗ್ಲಿಷರು ನಂದಿಬೆಟ್ಟಕ್ಕೆ ಮುತ್ತಿಗೆ ಹಾಕಿದ ಕಥೆ ನನಗೆ ಬಾಯಿಪಾಠ. ಆ ವರ್ಷದ ಶುರುವಲ್ಲೇ ಟಿಪ್ಪು ಮೇಲೆ ದಂಡೆತ್ತಿದ್ದ ಇಂಗ್ಲಿಷರ ಗವರ್ನರ್ ಜನರಲ್ ಕಾರ್ನ್‌ವಾಲಿಸ್ ಮುಗ್ಲಿ ಘಾಟಿ ಹತ್ತಿ ಬಂದು ನಮ್ಮ ಕೋಲಾರ, ಹೊಸಕೋಟೆ ಹಿಡ್ಕೊಂಡು, ಮಾರ್ಚ್ 21ಕ್ಕೆ ಬೆಂಗಳೂರು ಕೋಟೆ ತಗೊಂಡ. ಆದ್ರೆ ನಂದಿ ಅಷ್ಟು ಸುಲಭ ಇರ್ಲಿಲ್ಲ, ಸುತ್ತ ಬಂಡೆ, ಹತ್ತೋಕೆ ಇರೋದು ಒಂದೇ ಕಡೆ, ಅಲ್ಲಿ ಎರಡು ಸುತ್ತಿನ ಗೋಡೆ. ಮೇಜರ್ ಗೌಡಿ ಅನ್ನೋನ ಪಡೆ ಬೆಟ್ಟದ ಇಳಿಜಾರಲ್ಲಿ ದಾರಿ ಕಡ್ಕೊಂಡು ಫಿರಂಗಿ ಮೇಲಕ್ಕೆ ಸಾಗಿಸಿ, ಮೂರು ವಾರ ಹೊಡೆದು ಗೋಡೇಲಿ ಬಿರುಕು ಮಾಡ್ತು, ಜನರಲ್ ಮೆಡೋಸ್ ಬಂದು ಅಕ್ಟೋಬರ್ 19ರ ಬೆಳದಿಂಗಳಲ್ಲಿ ಒಳಗೆ ನುಗ್ಗಿಸಿದ. ಒಳಗಿದ್ದ ಟಿಪ್ಪು ಕಡೆಯವರು ಮೇಲಿಂದ ದೊಡ್ಡ ದೊಡ್ಡ ಬಂಡೆ ಉರುಳಿಸಿದ್ರಂತೆ, ಗುಂಡಿಗಿಂತ ಆ ಬಂಡೆಗೇ ಹತ್ತೋರು ಜಾಸ್ತಿ ಹೆದರಿದ್ರು. ಅಂಥ ಜಾಗದ ಗುಂಡು ಅಂದ್ಮೇಲೆ ನಾನು ಚೌಕಾಸಿ ಕೂಡ ಮಾಡ್ಲಿಲ್ಲ. ಎರಡು ಸಾವಿರ ಕೊಟ್ಟು, ಪೇಪರಲ್ಲಿ ಸುತ್ತಿಸ್ಕೊಂಡು, ಬಸ್ಸಲ್ಲಿ ತೊಡೆ ಮೇಲೆ ಇಟ್ಕೊಂಡು ಬಂದೆ.

ಮನೆಗೆ ಬಂದು ತೂಕ ಹಾಕಿದ್ಮೇಲೆ ಅನುಮಾನ ಶುರುವಾಯ್ತು. ಇದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದ್ರೆ ಗುಂಡು ಕೊಳ್ಳೋಕೆ ಹೋಗೋರಿಗೆ ಇದೇ ಮುಖ್ಯ. ಇಂಗ್ಲಿಷರ ಫಿರಂಗಿಗೆ ಹೆಸರು ಬರೋದೇ ಗುಂಡಿನ ತೂಕದಿಂದ, 3 ಪೌಂಡರ್, 6 ಪೌಂಡರ್, 9, 12, 18, 24 ಹೀಗೆ. ಒಂದು ಪೌಂಡು ಅಂದ್ರೆ ಸುಮಾರು 454 ಗ್ರಾಂ. ಗುಂಡು ಎರಕದ ಕಬ್ಬಿಣದ್ದು, ಟೊಳ್ಳಿಲ್ಲ, ಆದ್ರಿಂದ ಅಡ್ಡಳತೆ ಗೊತ್ತಿದ್ರೆ ತೂಕ ಎಷ್ಟಿರ್ಬೇಕು ಅಂತ ಲೆಕ್ಕ ಸಿಗುತ್ತೆ. ಅಡ್ಡಳತೇನ ಸೆಂಟಿಮೀಟರಲ್ಲಿ ತಗೊಂಡು ಮೂರು ಸಲ ಅದರಿಂದಲೇ ಗುಣಿಸಿ, ಅಂದ್ರೆ 9 ಇದ್ರೆ 9 ಇಂಟು 9 ಇಂಟು 9, ಬಂದಿದ್ದನ್ನ 3.77ರಿಂದ ಗುಣಿಸಿದ್ರೆ ಎರಕದ ಕಬ್ಬಿಣದ ತೂಕ ಗ್ರಾಂನಲ್ಲಿ ಬರುತ್ತೆ. 9 ಸೆಂಟಿಮೀಟರಿಗೆ ಹತ್ತಿರ ಹತ್ತಿರ 2750 ಗ್ರಾಂ, ಅದೇ 6 ಪೌಂಡರ್. 12 ಪೌಂಡರ್ ಆದ್ರೆ ಅಡ್ಡಳತೆ 11 ಚಿಲ್ಲರೆ ಸೆಂಟಿಮೀಟರ್ ಇರುತ್ತೆ. ಉಕ್ಕಾದ್ರೆ 3.77 ಬದ್ಲು 4.08, ನಮ್ಮ ಕಡೆಯ ಕಲ್ಲಾದ್ರೆ ಸುಮಾರು 1.41. ಒಂದು ವರ್ನಿಯರ್ ಕ್ಯಾಲಿಪರ್, ಒಂದು ಒಳ್ಳೇ ತಕ್ಕಡಿ ಇದ್ರೆ ಸಾಕು.

ನಾನು ತಂದಿದ್ದು 8.5 ಸೆಂಟಿಮೀಟರ್, ತೂಕ 2 ಕೆಜಿ 500 ಗ್ರಾಂ. ಎರಕದ ಕಬ್ಬಿಣ ಆಗಿದ್ರೆ 2300ರ ಆಸುಪಾಸು ಇರ್ಬೇಕಿತ್ತು, ಇದು ಉಕ್ಕಿನ ಲೆಕ್ಕಕ್ಕೆ ಸರಿಯಾಗಿ ಕೂತ್ಕೊಳ್ತು. ಪೌಂಡಲ್ಲಿ ನೋಡಿದ್ರೆ ಐದೂವರೆ, ಯಾವ ಫಿರಂಗಿಗೂ ಸೇರಲ್ಲ. ಆಮೇಲೆ ಬಿಸಿಲಿಗೆ ಹಿಡಿದು ತಿರುಗಿಸಿ ನೋಡಿದೆ. ಎರಡು ಹೋಳಿನ ಅಚ್ಚಲ್ಲಿ ಎರಕ ಹೊಯ್ದ ಗುಂಡಿಗೆ ನಡುವಲ್ಲಿ ಸುತ್ತ ಒಂದು ಸಣ್ಣ ಗೆರೆ ಇರುತ್ತೆ, ಕಬ್ಬಿಣ ಸುರಿದ ಬಾಯಿ ಜಾಗದಲ್ಲಿ ಮುರಿದು ಅರ ಹಾಕಿದ ಗುರುತಿರುತ್ತೆ, ಎಷ್ಟು ತುಕ್ಕು ಹಿಡಿದ್ರೂ ಉಗುರಿಗೆ ಸಿಗುತ್ತೆ. ಇದಕ್ಕೆ ಎರಡೂ ಇಲ್ಲ. ಬದ್ಲಿಗೆ ಅಲ್ಲಲ್ಲಿ ಚಪ್ಪಟೆ, ಒಂದರ ಮೇಲೊಂದು ಉಜ್ಜಿ ಉಜ್ಜಿ ಸವೆದ ಹಾಗೆ. ಅನುಮಾನ ಗಟ್ಟಿಯಾದ್ಮೇಲೇನೇ ಟಮಕ ಕಡೆ ವರ್ಕ್‌ಶಾಪ್ ಇಟ್ಟಿರೋ ಸ್ನೇಹಿತನ ಹತ್ರ ಒಯ್ದು ಒಂದು ಮೂಲೇನ ಗ್ರೈಂಡರಿಗೆ ಒಂದೇ ಒಂದು ಕ್ಷಣ ಮುಟ್ಟಿಸಿದ್ವಿ, ಕಿಡಿ ಉದ್ದಕ್ಕೆ ಬೆಳ್ಳಗೆ ಚಿಮ್ತು. ಎರಕದ ಕಬ್ಬಿಣಕ್ಕೆ ಕಿಡಿ ಗಿಡ್ಡ, ಕೆಂಪು. ನಿಜವಾದ ಹಳೇ ಗುಂಡಿಗೆ ಯಾವತ್ತೂ ಈ ಪರೀಕ್ಷೆ ಮಾಡ್ಬೇಡಿ, ಗಾಯ ಆದ್ರೆ ಆಯ್ತು, ಮತ್ತೆ ಮುಚ್ಚಲ್ಲ.

ತುಂಬಾ ಬೇಜಾರಾಯ್ತು, ಸುಳ್ಳು ಹೇಳಿ ಮಾರಿದ್ರು ಅಂತ ಸಿಟ್ಟೂ ಬಂತು. ಗುಂಡು ತಗೊಂಡು ಅದೇ ಅಂಗಡಿಗೆ ಹೋದೆ. ಅಂಗಡಿ ಅಣ್ಣ ನನ್ನ ಮಾತು ಕೇಳಿ ಆಶ್ಚರ್ಯಪಟ್ರು, ನಾನೇನ್ ಸಾರ್ ಸುಳ್ಳು ಹೇಳಿದೆ, ನಂದಿದುರ್ಗ್ ಮೈನ್ಸಿಂದೇ ಅದು, ಬೇಕಾದ್ರೆ ಕೊಟ್ಟೋರನ್ನೇ ಕೇಳಿ ಅಂತ ಪಕ್ಕದ ಬೀದಿಗೆ ಕರ್ಕೊಂಡು ಹೋದ್ರು. ಆಗ ಹೊಳೀತು ನನಗೆ. ಕೆಜಿಎಫ್ ಗಣಿಗಳ ಹೆಸರು ಮೈಸೂರು, ಚಾಂಪಿಯನ್ ರೀಫ್, ಊರಿಗಾಂ, ನಂದಿದುರ್ಗ್. ನಮ್ಮ ಬೆಟ್ಟದ ಹೆಸರನ್ನ ಇಂಗ್ಲಿಷರು ಅವರ ಬಾಯಿಗೆ ಬಂದ ಹಾಗೆ ತಿರುಗಿಸಿ ಗಣಿಗಿಟ್ಟ ಹೆಸರು ಅದು. ಅಂಗಡಿ ಅಣ್ಣ ಹೇಳಿದ್ದು ನಿಜ, ನಾನು ಕೇಳಿಸ್ಕೊಂಡಿದ್ದು ಬೇರೆ.

ಗುಂಡು ಕೊಟ್ಟ ತಾತ ಗಣಿಯ ಮಿಲ್ಲಲ್ಲಿ ಕೆಲಸ ಮಾಡಿದೋರು. ಕನ್ನಡದಲ್ಲಿ ತಮಿಳು ಬೆರೆಸಿ ಮಾತಾಡ್ತಿದ್ರು, ಟೀ ಕೊಡ್ಸಿ ಒಂದೂವರೆ ಗಂಟೆ ಕೂರಿಸ್ಕೊಂಡ್ರು. ಅದಿರು ಮೇಲೆ ಬಂದ್ಮೇಲೆ ದೊಡ್ಡ ಉಕ್ಕಿನ ಪೀಪಾಯಿ ಥರದ ಮಿಲ್ಲಿಗೆ ನೀರಿನ ಜೊತೆ ಹಾಕಿ, ಒಳಗೆ ನೂರಾರು ಗುಂಡು ಬಿಟ್ಟು ತಿರುಗಿಸ್ತಾರೆ, ಗುಂಡು ಬಿದ್ದು ಬಿದ್ದು ಕಲ್ಲು ಹಿಟ್ಟಾಗುತ್ತೆ, ಆ ಹಿಟ್ಟಿಗೆ ಸೈನೈಡ್ ಹಾಕಿ ಚಿನ್ನ ಬಿಡಿಸ್ತಾರೆ. ಗುಂಡೂ ಸವೀತಾ ಹೋಗುತ್ತೆ, ಅದಕ್ಕೇ ಒಂದರ ಸೈಜು ಇದ್ದ ಹಾಗೆ ಇನ್ನೊಂದಿಲ್ಲ, ಅದಕ್ಕೇ ಆ ಚಪ್ಪಟೆ. ನೈಟ್ ಶಿಫ್ಟಲ್ಲಿ ಮಿಲ್ ಸದ್ದು ಹೆಂಗಿತ್ತು ಅಂದ್ರೆ ರಜೆ ದಿನ ಮನೇಲಿ ಸದ್ದಿಲ್ದೆ ನಿದ್ದೆ ಬರ್ತಿರ್ಲಿಲ್ಲ ತಂಬಿ ಅಂದ್ರು. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ತಲ್ಲ, ಆಮೇಲೆ ಈ ಗುಂಡು ಅವರ ಮನೇಲಿ ನೀರಿನ ಡ್ರಮ್ಮಿನ ಮುಚ್ಚಳದ ಮೇಲೆ ಭಾರಕ್ಕೆ ಇತ್ತಂತೆ. ಅವರು ಹೇಳಿದ್ದೆಲ್ಲ ನಾನು ನೋಟ್‌ಬುಕ್ಕಲ್ಲಿ ಬರ್ಕೊಂಡೆ, ನಾಲ್ಕು ಪುಟ ಆಯ್ತು. ದುಡ್ಡು ವಾಪಸ್ ಕೇಳೋ ಮನಸ್ಸೇ ಬರ್ಲಿಲ್ಲ.

ಕೋಲಾರದಲ್ಲಿ ಗುಂಡು ಹುಡುಕೋರು ಇದನ್ನ ತಲೇಲಿ ಇಟ್ಕೋಬೇಕು. ಗಣಿ ಇರೋ ಊರಲ್ಲಿ ಸಿಗೋ ಗುಂಡಿನಲ್ಲಿ ಬಹಳಷ್ಟು ಮಿಲ್ ಗುಂಡೇ. ಆನ್‌ಲೈನಲ್ಲಿ ಟಿಪ್ಪು ಗುಂಡು ಅಂತ ಹಾಕಿರ್ತಾರಲ್ಲ, ತೂಕ ಕೇಳಿ. ಸರಿಯಾಗಿ 7.26 ಕೆಜಿ ಅಥ್ವಾ ಸರಿಯಾಗಿ 4 ಕೆಜಿ ಅಂದ್ರೆ ಅದು ಕ್ರೀಡೆಯ ಶಾಟ್‌ಪುಟ್. ಕಲ್ಲಿನ ಗುಂಡಲ್ಲೂ ಹಾಗೇ, ಫಿರಂಗಿಗೆ ಕಲ್ಲಿನ ಗುಂಡು ಬಳಸ್ತಿದ್ದಿದ್ದು ನಿಜ, ಆದ್ರೆ ನಮ್ಮ ಹಳ್ಳಿ ಗರಡಿ ಮನೇಲಿ ಎತ್ತೋ ಗುಂಡುಕಲ್ಲೂ ಅಷ್ಟೇ ದುಂಡಗೆ ಇರುತ್ತೆ, ಅದು ಹನುಮಂತರಾಯನ ಮುಂದೆ ಇರೋದೇ ಸರಿ.

ಇನ್ನೊಂದು ಕಡ್ಡಾಯದ ಮಾತು. ಗುಂಡಲ್ಲಿ ಎಲ್ಲಾದ್ರೂ ತೂತಿದ್ರೆ, ಅಥ್ವಾ ಲೆಕ್ಕಕ್ಕಿಂತ ತೂಕ ತುಂಬಾ ಕಮ್ಮಿ ಬಂದ್ರೆ ಮುಟ್ಬೇಡಿ. ಒಳಗೆ ಟೊಳ್ಳಿರೋ ಗುಂಡಿಗೆ ಮದ್ದು ತುಂಬ್ತಿದ್ರು, ತೂತು ಬತ್ತಿಗೆ. 2008ರಲ್ಲಿ ಅಮೆರಿಕದ ವರ್ಜೀನಿಯಾದಲ್ಲಿ ಎಷ್ಟೋ ವರ್ಷ ಅನುಭವ ಇದ್ದ ಸಂಗ್ರಾಹಕರೊಬ್ಬರು ಅವರ ಅಂತರ್ಯುದ್ಧದ ಕಾಲದ ಗುಂಡು ಕ್ಲೀನ್ ಮಾಡ್ತಾ ಅದು ಸಿಡಿದು ತೀರ್ಕೊಂಡ್ರು, ನೂರ ನಲವತ್ತು ವರ್ಷ ದಾಟಿದ ಮದ್ದು. ದೂರ ಸರಿದು ಪೊಲೀಸರಿಗೆ ಫೋನ್ ಮಾಡಿ, ಅಷ್ಟೇ.

ಕೋಟೆಯಿಂದಂತೂ ನಾನು ಏನೂ ತರಲ್ಲ. ನಂದಿ, ಗುಡಿಬಂಡೆ, ಮಧುಗಿರಿ, ಪಾವಗಡ ಎಲ್ಲಾ ಹತ್ತಿದೀನಿ, ಬರಿಗೈಲೇ ಇಳಿದಿದೀನಿ. 1972ರ ಕಾನೂನಿನ ಪ್ರಕಾರ ನೂರು ವರ್ಷ ದಾಟಿದ ಇಂಥ ವಸ್ತು ಪುರಾತನ ವಸ್ತು, ವ್ಯಾಪಾರ ಮಾಡೋಕೆ ಲೈಸೆನ್ಸ್ ಬೇಕು, ದೇಶದಾಚೆ ಕಳಿಸೋ ಹಾಗಿಲ್ಲ. ನೆಲದಲ್ಲಿ ಹುದುಗಿದ ಬೆಲೆಬಾಳೋ ವಸ್ತು ಸಿಕ್ರೆ ಡಿಸಿಗೆ ತಿಳಿಸ್ಬೇಕು ಅನ್ನೋ ಕಾನೂನೂ ಇದೆ. ಕಾನೂನು ಬಿಡಿ, 2018ರಲ್ಲಿ ಹೊಸನಗರ ತಾಲ್ಲೂಕಿನ ಬಿದನೂರು ನಗರದಲ್ಲಿ ಆಗಿದ್ದು ನೋಡಿ. ಒಂದು ಬತ್ತಿದ ಬಾವಿ, ಮಣ್ಣಲ್ಲಿ ಮದ್ದಿನ ವಾಸನೆ, ಅಗೆದ್ರೆ ಸಾವಿರಕ್ಕೂ ಮೇಲೆ ಟಿಪ್ಪು ಕಾಲದ ಕಬ್ಬಿಣದ ರಾಕೆಟ್ಟು. ಯಾರೋ ಒಬ್ಬೊಬ್ಬರು ಒಂದೊಂದು ಮನೆಗೆ ಒಯ್ದಿದ್ರೆ ಅವೆಲ್ಲ ಬರೀ ತುಕ್ಕು ಹಿಡಿದ ಪೈಪು. ಒಟ್ಟಿಗೆ, ಅದೇ ಬಾವೀಲಿ ಸಿಕ್ಕಿದ್ದಕ್ಕೇ ಅದು ಅಲ್ಲಿನ ಶಸ್ತ್ರ ಸಂಗ್ರಹ ಅಂತ ಗೊತ್ತಾಗಿದ್ದು.

ಗುಂಡಿಗೆ ಸಂಬಂಧಪಟ್ಟ ಸಾಮಾನಿನ ಬಗ್ಗೆ ಹೇಳ್ತೀನಿ ಅಂದಿದ್ದೆ. ನನ್ನ ಹತ್ರ ಒಂದು ಪಿತ್ತಾಳೆ ಹೂದಾನಿ ಇದೆ, ಮೊದಲನೇ ಮಹಾಯುದ್ಧದ ಶೆಲ್ಲಿನ ಖಾಲಿ ಕವಚ, ತಳದಲ್ಲಿ 1917 ಅಂತ ಒತ್ತಿದೆ, ಮೇಲೆ ಯಾರೋ ಎಲೆ ಬಳ್ಳಿ ಕೊರೆದಿದಾರೆ. ಸಣ್ಣ ಫಿರಂಗಿ ಆಕಾರದ ಪೇಪರ್‌ವೇಟ್ ಎರಡು. ಅಮೆರಿಕದಲ್ಲಿ ಕ್ಯಾನನ್‌ಬಾಲ್ ಮಂಚ ಅಂತಾನೇ ಇದೆ, ನಾಲ್ಕು ಕಾಲಿನ ತುದೀಲೂ ಮರದ ಗುಂಡು, ಫೋಟೋದಲ್ಲಷ್ಟೇ ನೋಡಿದ್ದು. ನನಗೆ ಎಲ್ಲಕ್ಕಿಂತ ಇಷ್ಟ ಆಗಿದ್ದು ಸ್ವೀಡನ್ ದೇಶದ ಸಾಸಿವೆ ಬಟ್ಟಲು. ಅಲ್ಲಿನ ಹೆಂಗಸರು ಮರದ ಬಟ್ಟಲಲ್ಲಿ ಸಾಸಿವೆ ಹಾಕಿ, ಬಟ್ಟಲನ್ನ ತೊಡೆ ಮೇಲೆ ಇಟ್ಕೊಂಡು, ಒಳಗೆ ಫಿರಂಗಿ ಗುಂಡು ಉರುಳಿಸಿ ಉರುಳಿಸಿ ಅರೀತಿದ್ರು. ಅದನ್ನ ಓದ್ದಾಗ ಹುಣಸೆಹಣ್ಣಿನ ಮುಂದೆ ಕಾಲು ಚಾಚ್ಕೊಂಡು ಕೂತ ನಮ್ಮಜ್ಜೀನೇ ಕಣ್ಣ ಮುಂದೆ ಬಂದ್ರು.

ಅಜ್ಜಿ ಗುಂಡು ಈಗ ನನ್ನ ಹತ್ರಾನೇ ಇದೆ. 8.9 ಸೆಂಟಿಮೀಟರ್, 2 ಕೆಜಿ 610 ಗ್ರಾಂ, ಎರಕದ ಕಬ್ಬಿಣ, ನಡುವೆ ಗೆರೆ ಇದೆ, ಅರ ಹಾಕಿದ ಗುರುತೂ ಇದೆ. 6 ಪೌಂಡರ್ ಲೆಕ್ಕಕ್ಕೆ ಸರಿಯಾಗಿ ಬರುತ್ತೆ, ಸ್ವಲ್ಪ ತುಕ್ಕಿಗೆ ಹೋಗಿದೆ ಅಷ್ಟೇ. ನಾನು ಅದಕ್ಕೆ ಆಸಿಡ್ ಹಾಕಿಲ್ಲ, ಪೇಂಟ್ ಹೊಡೆದಿಲ್ಲ, ಒಣ ಬಟ್ಟೇಲಿ ಒರೆಸಿ ತೆಳುವಾಗಿ ಮೇಣ ಹಚ್ಚಿದೀನಿ. ಆ ಕಪ್ಪು ಬಣ್ಣ ಹುಣಸೆಬೀಜದ ಸಿಪ್ಪೆಯ ಒಗರಿಂದ ಬಂದಿದ್ದು ಅಂತ ನನಗನ್ಸುತ್ತೆ, ಮ್ಯೂಸಿಯಂನೋರು ಕಬ್ಬಿಣ ಕಾಪಾಡೋಕೆ ಹಚ್ಚೋ ಟ್ಯಾನಿಕ್ ಆಸಿಡ್ಡೂ ಅದೇ ಜಾತಿ ಒಗರೇ.

ಆದ್ರೆ ಅದು ನಮ್ಮ ಮನೆಗೆ ಎಲ್ಲಿಂದ ಬಂತು? ಚಿಕ್ಕಪ್ಪ ಹೇಳೋದು ಕೆರೆ ಕೆಳಗಿನ ಹೊಲ ಉಳುವಾಗ ನೇಗಿಲಿಗೆ ಸಿಕ್ತು ಅಂತ. ನಮ್ಮಪ್ಪ ಹೇಳ್ತಿದ್ದಿದ್ದು ತಾತ ಸಂತೇಲಿ ತೂಕದ ಕಲ್ಲಿಗೆ ಅಂತ ತಂದಿದ್ದು ಅಂತ. ಎರಡರಲ್ಲಿ ಯಾವ್ದು ಅಂತ ಹೇಳ್ಬೇಕಾದ ಅಜ್ಜಿ ಹೋಗಿ ಹನ್ನೊಂದು ವರ್ಷ, ಇದ್ದಾಗ ಅಷ್ಟು ವರ್ಷ ಪಕ್ಕದಲ್ಲೇ ಕೂತು ಹುಣಸೆಬೀಜ ಆರಿಸಿದೀನಿ, ಒಂದ್ಸಲ ಕೇಳ್ಳಿಲ್ಲ. ಮಿಲ್ ಗುಂಡಿಗೆ ನಾಲ್ಕು ಪುಟ ಇರೋ ನೋಟ್‌ಬುಕ್ಕಲ್ಲಿ ಇದಕ್ಕೆ ಅಳತೆ, ತೂಕ ಬಿಟ್ರೆ ಪುಟ ಖಾಲಿ.

ನಮ್ಮ ದೊಡ್ಡತ್ತೆ ಇನ್ನೂ ಇದಾರೆ, ಎಂಬತ್ನಾಲ್ಕು, ಬಂಗಾರಪೇಟೇಲಿ ಮಗನ ಮನೇಲಿ. ಕಿವಿ ಸ್ವಲ್ಪ ಮಂದ, ನೆನಪು ಚೆನ್ನಾಗಿದೆ. ಫೋನಲ್ಲಿ ಆ ಗುಂಡಿನ ವಿಷಯ ಎತ್ತಿದ್ದಕ್ಕೆ, ಅದಾ, ಅದು ದೊಡ್ಡ ಕಥೆ, ಬಾ ಹೇಳ್ತೀನಿ, ಬರುವಾಗ ಅದನ್ನೂ ತಗೊಂಡ್ಬಾ, ಒಂದ್ಸಲ ಮುಟ್ಬೇಕು ಅಂದ್ರು. ಈ ಭಾನುವಾರ ಬೆಳಗ್ಗೆ ಬಸ್ಸಿಗೆ ಹೋಗ್ತಿದೀನಿ.